ಕೊಕ್ಕು ಬದಲಿಸಿಕೊಂಡ ಹಕ್ಕಿ ಒಂದೂ ಇಲ್ಲ: ಕಂಪನಿಗಳು ಮತ್ತು ನಿಸರ್ಗದ ಆಯ್ಕೆ

ಮ್ಯಾನೇಜ್‌ಮೆಂಟ್ ತರಬೇತಿಗೆ ಕೂತವರು ಈ ಮಾತನ್ನು ಪರದೆಯ ಮೇಲೆ ಒಮ್ಮೆಯಾದರೂ ನೋಡಿರುತ್ತಾರೆ. ಕೊನೆಗೆ ಉಳಿಯುವವನು ಬಲಶಾಲಿಯಲ್ಲ, ಬುದ್ಧಿವಂತನೂ ಅಲ್ಲ, ಬದಲಾವಣೆಗೆ ಹೊಂದಿಕೊಳ್ಳುವವನು ಅಂತ. ಕೆಳಗೆ ಚಾರ್ಲ್ಸ್ ಡಾರ್ವಿನ್ ಹೆಸರು, ಪಕ್ಕದಲ್ಲಿ ಬಿಳಿ ಗಡ್ಡದ ಫೋಟೊ. ಆದರೆ ಡಾರ್ವಿನ್ ಇದನ್ನು ಎಲ್ಲೂ ಬರೆದಿಲ್ಲ. 1963ರಲ್ಲಿ ಲಿಯಾನ್ ಮೆಗ್ಗಿನ್ಸನ್ ಎಂಬ ಅಮೆರಿಕದ ಮ್ಯಾನೇಜ್‌ಮೆಂಟ್ ಪ್ರಾಧ್ಯಾಪಕರು ಡಾರ್ವಿನ್ ವಿಚಾರವನ್ನು ತಮ್ಮ ಮಾತಿನಲ್ಲಿ ಹೇಳಿದ್ದರು. ಒಬ್ಬರಿಂದ ಒಬ್ಬರಿಗೆ ದಾಟುತ್ತಾ ದಾಟುತ್ತಾ ಅದು ಡಾರ್ವಿನ್ ಹೇಳಿದ ಮಾತೇ ಆಗಿಬಿಟ್ಟಿತು.

ಬರೀ ಹೆಸರು ತಪ್ಪಾಗಿದ್ದರೆ ಸುಮ್ನೆ ಬಿಡಬಹುದಿತ್ತು. ಇಲ್ಲಿ ಅರ್ಥವೇ ತಪ್ಪಿದೆ. ಡಾರ್ವಿನ್ 1859ರಲ್ಲಿ ಮುಂದಿಟ್ಟ ನಿಸರ್ಗದ ಆಯ್ಕೆಯಲ್ಲಿ ಯಾವ ಪ್ರಾಣಿಯೂ ಕಷ್ಟ ಬಂತೆಂದು ತನ್ನನ್ನು ಬದಲಿಸಿಕೊಂಡು ಬದುಕುವುದಿಲ್ಲ. ಹಾಗಾದರೆ ಬದಲಾಗುವುದು ಏನು? ಇದಕ್ಕೆ ಸರಿಯಾದ ಉತ್ತರ ಸಿಕ್ಕರೆ, ಕೆಲವು ಕಂಪನಿಗಳು ದಶಕಗಟ್ಟಲೆ ಹೇಗೆ ಹೊಸದಾಗುತ್ತಾ ಹೋಗುತ್ತವೆ ಎಂಬುದೂ ಅರ್ಥವಾಗುತ್ತದೆ.

ಗ್ಯಾಲಪಗೋಸ್ ದ್ವೀಪಗಳಲ್ಲಿ ಡಾಫ್ನೆ ಮೇಜರ್ ಎಂಬ ಪುಟ್ಟ ದ್ವೀಪವಿದೆ. ಪೀಟರ್ ಗ್ರಾಂಟ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿ 1973ರಿಂದ ಅಲ್ಲಿನ ಫಿಂಚ್ ಹಕ್ಕಿಗಳನ್ನು ಹಿಡಿದು, ಕೊಕ್ಕು ಅಳೆದು, ಕಾಲಿಗೆ ಉಂಗುರ ಹಾಕಿ ಬಿಡುತ್ತಾ ಬಂದರು. 1977ರಲ್ಲಿ ಮಳೆ ಕೈಕೊಟ್ಟಿತು. ಚಿಕ್ಕ, ಮೆತ್ತನೆಯ ಬೀಜಗಳು ಬೇಗ ಖಾಲಿಯಾದವು. ಉಳಿದದ್ದು ಒಡೆಯಲು ಕಷ್ಟವಾದ ದಪ್ಪ ಬೀಜಗಳು. ಮಧ್ಯಮ ಗಾತ್ರದ ನೆಲ ಫಿಂಚ್‌ಗಳಲ್ಲಿ ಸುಮಾರು ಶೇ 85ರಷ್ಟು ಇಲ್ಲವಾದವು. ಉಳಿದುಕೊಂಡವುಗಳಲ್ಲಿ ದಪ್ಪ ಕೊಕ್ಕಿನವೇ ಜಾಸ್ತಿ. ಕೊಕ್ಕಿನ ಗಾತ್ರ ತಂದೆ ತಾಯಿಯಿಂದ ಮರಿಗೆ ಬರುವಂಥದ್ದು. ಹಾಗಾಗಿ ಮುಂದಿನ ಪೀಳಿಗೆಯ ಸರಾಸರಿ ಕೊಕ್ಕು ಸ್ವಲ್ಪ ದಪ್ಪವಾಯಿತು.

ಈ ಇಡೀ ಕಥೆಯಲ್ಲಿ ಒಂದು ಹಕ್ಕಿಯ ಕೊಕ್ಕೂ ಬದಲಾಗಲಿಲ್ಲ ಎಂಬುದನ್ನು ಗಮನಿಸಿ. ಬರಗಾಲ ಬರುವ ಮೊದಲೇ ಗುಂಪಿನಲ್ಲಿ ದಪ್ಪ ಕೊಕ್ಕು, ಸಣ್ಣ ಕೊಕ್ಕು ಎರಡೂ ಇದ್ದವು. ಬರಗಾಲ ಆರಿಸಿತು, ಅಷ್ಟೇ. ಹೊಂದಿಕೊಂಡದ್ದು ಗುಂಪು. ಅದಕ್ಕೆ ತೆತ್ತ ಬೆಲೆ ಸತ್ತ ಹಕ್ಕಿಗಳು.

ನಿಸರ್ಗದ ಆಯ್ಕೆ ನಡೆಯಲು ಬೇಕಾದದ್ದು ಮೂರೇ. ಗುಂಪಿನೊಳಗೆ ವ್ಯತ್ಯಾಸ ಇರಬೇಕು. ಆ ವ್ಯತ್ಯಾಸದಿಂದಾಗಿ ಕೆಲವು ಹೆಚ್ಚು ಉಳಿದು, ಹೆಚ್ಚು ಮರಿ ಮಾಡಬೇಕು. ಆ ಗುಣ ಮುಂದಿನ ಪೀಳಿಗೆಗೆ ದಾಟಬೇಕು. ಈ ಮೂರು ಎಲ್ಲೇ ಒಟ್ಟಿಗಿರಲಿ, ಅಲ್ಲಿ ಜೀವ ಇರಲಿ ಇಲ್ಲದಿರಲಿ, ವಿಕಾಸ ನಡೆಯುತ್ತದೆ. ಕಂಪನಿಗಳ ಲೋಕಕ್ಕೆ ಈ ವಿಚಾರವನ್ನು ತರಲು ಅವಕಾಶ ಸಿಗುವುದೇ ಇಲ್ಲಿ.

ಹಾಗಾದರೆ ಕಂಪನಿಗಳ ಲೋಕದಲ್ಲಿ ಆ "ಗುಂಪು" ಯಾವುದು?

ಒಂದು ಉತ್ತರ: ಇಡೀ ಉದ್ಯಮವೇ ಗುಂಪು, ಒಂದೊಂದು ಕಂಪನಿ ಒಂದೊಂದು ಹಕ್ಕಿ. ಮೈಕಲ್ ಹ್ಯಾನನ್ ಮತ್ತು ಜಾನ್ ಫ್ರೀಮನ್ ಎಂಬ ಸಮಾಜಶಾಸ್ತ್ರಜ್ಞರು 1977ರಲ್ಲಿ ಹೇಳಿದ್ದು ಹೆಚ್ಚೂ ಕಡಿಮೆ ಇದನ್ನೇ. ಅವರ ಪ್ರಕಾರ ಕಂಪನಿಗಳು ನಾವು ಅಂದುಕೊಂಡಷ್ಟು ಬದಲಾಗುವುದಿಲ್ಲ. ಹಾಕಿದ ಬಂಡವಾಳ, ಒಳಗಿನ ರಾಜಕೀಯ, ಹಳೆಯ ಅಭ್ಯಾಸ, ಹಳೆಯ ಗ್ರಾಹಕರು, ಎಲ್ಲವೂ ಸೇರಿ ಕೈಕಾಲು ಕಟ್ಟಿಹಾಕುತ್ತವೆ. ಉದ್ಯಮ ಬದಲಾದಂತೆ ಕಾಣುವುದು ಹಳೆಯ ಕಂಪನಿಗಳು ಹೋಗಿ ಹೊಸವು ಬರುವುದರಿಂದ. ಕಾರು ತಯಾರಿಕೆ ಶುರುವಾದ ಕಾಲದಲ್ಲಿ ಅಮೆರಿಕ ಒಂದರಲ್ಲೇ ನೂರಾರು ಕಂಪನಿಗಳು ಹುಟ್ಟಿದವು. ಕೆಲವೇ ದಶಕಗಳಲ್ಲಿ ಬೆರಳೆಣಿಕೆಯಷ್ಟು ಉಳಿದವು. ಕಾರು ಮಾತ್ರ ಉತ್ತಮವಾಗುತ್ತಲೇ ಹೋಯಿತು.

ಕೇಳಲು ಕಹಿ ಅನ್ನಿಸಬಹುದು, ಆದರೆ ಅಂಕಿ ಅಂಶಗಳು ಇದರ ಪರವಾಗಿವೆ. 1950ರಿಂದ 2009ರವರೆಗೆ ಅಮೆರಿಕದ ಷೇರುಪೇಟೆಯಲ್ಲಿದ್ದ 25,000ಕ್ಕೂ ಹೆಚ್ಚು ಕಂಪನಿಗಳ ಆಯಸ್ಸನ್ನು ಲೆಕ್ಕ ಹಾಕಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಭೌತವಿಜ್ಞಾನಿ ಜೆಫ್ರಿ ವೆಸ್ಟ್ ಆ ತಂಡದಲ್ಲಿದ್ದರು. ಯಾವುದೇ ಸಮಯದಲ್ಲಿ ಒಂದಷ್ಟು ಕಂಪನಿಗಳನ್ನು ತೆಗೆದುಕೊಂಡರೂ ಸುಮಾರು ಹತ್ತು ವರ್ಷಗಳಲ್ಲಿ ಅವುಗಳಲ್ಲಿ ಅರ್ಧ ಇರುವುದಿಲ್ಲ. ಮುಳುಗಿದ್ದು, ಇನ್ನೊಂದರ ಜೊತೆ ವಿಲೀನವಾದದ್ದು, ಮಾರಾಟವಾದದ್ದು ಎಲ್ಲವೂ ಈ ಲೆಕ್ಕದಲ್ಲಿವೆ. ಬ್ಯಾಂಕ್ ಇರಲಿ, ಬಟ್ಟೆ ಕಂಪನಿ ಇರಲಿ, ದೊಡ್ಡ ವ್ಯತ್ಯಾಸವಿಲ್ಲ. ವಿಚಿತ್ರವೆಂದರೆ, ಕಂಪನಿಗೆ ವಯಸ್ಸಾಯಿತು ಎಂದು ಅಪಾಯ ಹೆಚ್ಚುವುದಿಲ್ಲ, ಅನುಭವ ಬಂತು ಎಂದು ಕಡಿಮೆಯೂ ಆಗುವುದಿಲ್ಲ.

ಇದನ್ನು ಓದುವಾಗ ಜೀವವಿಜ್ಞಾನಿಗಳಿಗೆ ತಟ್ಟನೆ ಲೀ ವ್ಯಾನ್ ವೇಲೆನ್ ನೆನಪಾಗುತ್ತಾರೆ. 1973ರಲ್ಲಿ ಅವರು ಪಳೆಯುಳಿಕೆಗಳ ದಾಖಲೆ ಹರಡಿಕೊಂಡು ಕೂತು ಇದೇ ರೀತಿಯ ವಿಷಯ ಹೇಳಿದ್ದರು: ಒಂದು ಜೀವಿಗುಂಪು ಎಷ್ಟು ಕಾಲದಿಂದ ಭೂಮಿಯ ಮೇಲಿದೆ ಎಂಬುದಕ್ಕೂ ಅದು ಅಳಿದುಹೋಗುವ ಸಾಧ್ಯತೆಗೂ ಸಂಬಂಧವಿಲ್ಲ. ಲಕ್ಷಾಂತರ ವರ್ಷಗಳ ಅನುಭವ ಯಾಕೆ ಕೆಲಸಕ್ಕೆ ಬರುವುದಿಲ್ಲ? ಸುತ್ತಲಿನವರೂ ಸುಮ್ಮನೆ ಕೂತಿರುವುದಿಲ್ಲವಲ್ಲ. ಜಿಂಕೆ ವೇಗವಾದಂತೆ ಚಿರತೆಯೂ ವೇಗವಾಗುತ್ತದೆ. ಇಬ್ಬರೂ ಓಡುತ್ತಾರೆ, ಅಂತರ ಅಷ್ಟೇ ಇರುತ್ತದೆ. ಇದಕ್ಕೆ ಅವರು ಕೊಟ್ಟ ಹೆಸರು ಕೆಂಪು ರಾಣಿ ಸಿದ್ಧಾಂತ; ಇದ್ದಲ್ಲೇ ಇರಬೇಕಾದರೂ ಓಡುತ್ತಲೇ ಇರಬೇಕು ಎನ್ನುವ, ಲೂಯಿಸ್ ಕ್ಯಾರಲ್ ಕಥೆಯ ರಾಣಿ ಅವಳು. ಒಂದು ಕಂಪನಿ ಹೋದ ವರ್ಷಕ್ಕಿಂತ ಚೆನ್ನಾಗಿ ಕೆಲಸ ಮಾಡಿಯೂ ಪೈಪೋಟಿಯಲ್ಲಿ ಇದ್ದಲ್ಲೇ ಇರುವುದು ಇದೇ ಕಾರಣಕ್ಕೆ.

ಈ ಮೊದಲ ಉತ್ತರ ನಿಜ. ಆದರೆ ಕಂಪನಿ ನಡೆಸುವವರಿಗೆ, ಅಲ್ಲಿ ದುಡಿಯುವವರಿಗೆ ಇದರಿಂದ ಏನೂ ಪ್ರಯೋಜನವಿಲ್ಲ. "ನೀವು ಹೋಗಿ, ನಿಮ್ಮ ಜಾಗಕ್ಕೆ ಒಳ್ಳೆಯವರು ಬರುತ್ತಾರೆ" ಅಂದ ಹಾಗಾಯಿತು, ಅಲ್ವಾ?

ಎರಡನೆಯ ಉತ್ತರ ನನಗೆ ಹೆಚ್ಚು ಹಿಡಿಸಿದ್ದು. ಗುಂಪು ಕಂಪನಿಯ ಒಳಗೇ ಇದೆ. ಹೊಂದಿಕೊಳ್ಳುವ ಕಂಪನಿ ಎಂದರೆ ಚುರುಕಾದ ಒಂದು ಹಕ್ಕಿಯಲ್ಲ, ನೂರು ಹಕ್ಕಿಗಳಿರುವ ದ್ವೀಪ. ಹಕ್ಕಿಗಳೆಂದರೆ ಇಲ್ಲಿ ಜನರಲ್ಲ. ಯೋಜನೆಗಳು, ಉತ್ಪನ್ನಗಳು, ಕೆಲಸ ಮಾಡುವ ರೀತಿಗಳು. ಅವು ಹುಟ್ಟುತ್ತವೆ, ಸಾಯುತ್ತವೆ, ಹರಡುತ್ತವೆ. ಅವು ಸಾಯುವುದರಿಂದಲೇ ಕಂಪನಿ ಬದುಕುತ್ತದೆ.

ಒಂದೇ ದೇಹದೊಳಗೆ ಇಂಥ ಆಯ್ಕೆ ನಡೆಯಬಹುದೇ? ನಮ್ಮ ನಿಮ್ಮ ದೇಹದಲ್ಲಿ ದಿನವೂ ನಡೆಯುತ್ತಿದೆ. ರೋಗನಿರೋಧಕ ವ್ಯವಸ್ಥೆಯ ಬಿ ಕೋಶಗಳು ಯಾವ ರೋಗಾಣು ಬರುತ್ತದೆ ಎಂದು ಮೊದಲೇ ತಿಳಿದು ಕೂತಿರುವುದಿಲ್ಲ. ಒಂದೊಂದೂ ಒಂದೊಂದು ಆಕಾರದ ಹಿಡಿಕೆ ಇಟ್ಟುಕೊಂಡು, ಕೋಟಿಗಟ್ಟಲೆ ಸಂಖ್ಯೆಯಲ್ಲಿ ಓಡಾಡುತ್ತಿರುತ್ತವೆ. ಬಹುಪಾಲು ಕೋಶಗಳಿಗೆ ಜೀವನವಿಡೀ ಕೆಲಸವೇ ಬರುವುದಿಲ್ಲ. ಹೊಸ ವೈರಸ್ ಬಂದಾಗ ಯಾವುದರ ಹಿಡಿಕೆ ಅದಕ್ಕೆ ಕೂಡಿಕೊಂಡಿತೋ ಆ ಕೋಶ ದುಪ್ಪಟ್ಟು, ನಾಲ್ಪಟ್ಟು ಆಗುತ್ತಾ ಹೋಗುತ್ತದೆ. ಹೀಗೆ ಹೆಚ್ಚುವಾಗ ಬೇಕೆಂದೇ ಎಂಬಂತೆ ಅದರ ಪ್ರತಿಕಾಯದ (ರೋಗಾಣುವನ್ನು ಹಿಡಿಯುವ ಆ ಹಿಡಿಕೆಯ ಪ್ರೋಟೀನ್) ಜೀನ್‌ನಲ್ಲಿ ತಪ್ಪುಗಳು ಜಾಸ್ತಿಯಾಗುತ್ತವೆ. ಇನ್ನೂ ಗಟ್ಟಿಯಾಗಿ ಹಿಡಿಯುವವು ಉಳಿಯುತ್ತವೆ, ಉಳಿದವು ಸಾಯುತ್ತವೆ. ಕೆಲವೇ ವಾರಗಳಲ್ಲಿ ಪ್ರತಿಕಾಯಗಳು ಮೊದಲಿಗಿಂತ ಎಷ್ಟೋ ಚೆನ್ನಾಗಿ ಹಿಡಿಯುತ್ತವೆ. ಆಮೇಲೆ ಕೆಲವು ನೆನಪಿನ ಕೋಶಗಳು ವರ್ಷಗಟ್ಟಲೆ ಉಳಿದುಕೊಳ್ಳುತ್ತವೆ. ಲಸಿಕೆಗಳು ಕೆಲಸ ಮಾಡುವುದೇ ಹೀಗೆ. ಫ್ರಾಂಕ್ ಮ್ಯಾಕ್‌ಫಾರ್ಲೇನ್ ಬರ್ನೆಟ್ 1957ರಲ್ಲಿ ಮಂಡಿಸಿದ ಈ ವಿಚಾರ ಈಗ ರೋಗನಿರೋಧಕ ವಿಜ್ಞಾನದ ತಳಪಾಯ. ವ್ಯತ್ಯಾಸ, ಆಯ್ಕೆ, ದಾಟಿಸುವಿಕೆ ಮೂರೂ ಇಲ್ಲಿವೆ, ಆದರೆ ಮನುಷ್ಯ ಸಾಯಬೇಕಾಗಿಲ್ಲ.

ಇನ್ನು ಇಂಟೆಲ್ ಕಥೆಗೆ ಬರೋಣ. ಕಂಪನಿಯೊಳಗಿನ ಆಯ್ಕೆಗೆ ಇಷ್ಟು ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಇಂಟೆಲ್ 1968ರಲ್ಲಿ ಶುರುವಾದದ್ದು ಮೆಮೊರಿ ಚಿಪ್ ಮಾಡಲು. ಜಪಾನಿನ ಬ್ಯುಸಿಕಾಮ್ ಎಂಬ ಕ್ಯಾಲ್ಕುಲೇಟರ್ ಕಂಪನಿಯೊಂದು ತನಗೆ ಚಿಪ್‌ಗಳು ಬೇಕು ಎಂದು ಬಂತು. ಆ ಕೆಲಸದಿಂದ 1971ರಲ್ಲಿ 4004 ಎಂಬ ಮೈಕ್ರೊಪ್ರೊಸೆಸರ್, ಅಂದರೆ ಲೆಕ್ಕ ಮಾಡುವ ಮಿದುಳಿನಂಥ ಚಿಪ್, ಹುಟ್ಟಿತು. ಮುಂದೆ ಕಂಪನಿಯನ್ನು ಸಾಕುವುದು ಇದೇ ಎಂದು ಆಗ ಯಾರೂ ಯೋಜನೆ ಹಾಕಿರಲಿಲ್ಲ. ಮೆಮೊರಿಯೇ ಮನೆಯ ಹಿರಿಮಗ, ಇದು ಬದಿಯಲ್ಲಿ ಬೆಳೆದ ಕೂಸು.

1980ರ ದಶಕದ ಆರಂಭದಲ್ಲಿ ಜಪಾನಿನ ಕಂಪನಿಗಳು ಮೆಮೊರಿ ಚಿಪ್‌ಗಳನ್ನು ಇಂಟೆಲ್‌ಗಿಂತ ಚೆನ್ನಾಗಿ, ಅಗ್ಗವಾಗಿ ಮಾಡತೊಡಗಿದವು. ಆದರೂ ಇಂಟೆಲ್‌ನ ಮೇಲಿನವರು ನಾವು ಮೆಮೊರಿ ಕಂಪನಿ ಎಂದೇ ನಂಬಿದ್ದರು. ಕೆಳಗೆ ಬೇರೆಯೇ ನಡೆಯುತ್ತಿತ್ತು. ಕಾರ್ಖಾನೆಯ ಸಿಲಿಕಾನ್ ವೇಫರ್‌ಗಳನ್ನು (ಚಿಪ್ ಮಾಡುವ ತೆಳು ಬಿಲ್ಲೆಗಳು) ಯಾವ ಉತ್ಪನ್ನಕ್ಕೆ ಎಷ್ಟು ಕೊಡಬೇಕು ಎಂಬುದಕ್ಕೆ ಅಲ್ಲಿ ಒಂದು ನಿಯಮವಿತ್ತು: ಒಂದು ವೇಫರ್‌ಗೆ ಯಾವುದು ಹೆಚ್ಚು ಮಾರ್ಜಿನ್, ಅಂದರೆ ಖರ್ಚು ಕಳೆದು ಉಳಿಯುವ ಲಾಭ, ತರುತ್ತದೋ ಅದಕ್ಕೆ ಮೊದಲ ಪಾಲು. ಮಧ್ಯಮ ಹಂತದ ಮ್ಯಾನೇಜರ್‌ಗಳು ಈ ನಿಯಮದ ಪ್ರಕಾರ ಹಂಚುತ್ತಾ ಹೋದರು. ಮೈಕ್ರೊಪ್ರೊಸೆಸರ್‌ಗೆ ಪಾಲು ಏರುತ್ತಾ, ಮೆಮೊರಿಗೆ ಇಳಿಯುತ್ತಾ ಹೋಯಿತು. ಕಂಪನಿಯ ಚುಕ್ಕಾಣಿ ಹಿಡಿದಿದ್ದ ಆಂಡ್ರ್ಯೂ ಗ್ರೋವ್ ಮತ್ತು ಗಾರ್ಡನ್ ಮೂರ್ ಕೂತು, ನಮ್ಮನ್ನು ಹೊರಹಾಕಿ ಹೊಸಬನನ್ನು ತಂದರೆ ಅವನು ಏನು ಮಾಡುತ್ತಾನೆ ಎಂದು ಚರ್ಚಿಸಿ, ಡೈನಾಮಿಕ್ ಮೆಮೊರಿ (ಜಪಾನಿನವರು ಮುಂದಾಗಿದ್ದ ಆ ಮೆಮೊರಿ ಚಿಪ್) ಬಿಡೋಣ ಎಂದು ತೀರ್ಮಾನಿಸಿದ್ದು 1985ರಲ್ಲಿ. ಅಷ್ಟು ಹೊತ್ತಿಗೆ ಆ ಮಾರುಕಟ್ಟೆಯಲ್ಲಿ ಇಂಟೆಲ್ ಪಾಲು ಶೇ 4ಕ್ಕಿಂತ ಕೆಳಗೆ ಬಂದಾಗಿತ್ತು. ಇದನ್ನು ವಿವರವಾಗಿ ಅಧ್ಯಯನ ಮಾಡಿದ ಮ್ಯಾನೇಜ್‌ಮೆಂಟ್ ಪ್ರಾಧ್ಯಾಪಕ ರಾಬರ್ಟ್ ಬರ್ಗೆಲ್‌ಮನ್ ತೋರಿಸಿದ್ದು ಇಷ್ಟು: ಆಯ್ಕೆ ಕೆಳಗೆ ಆಗಲೇ ನಡೆದುಹೋಗಿತ್ತು, ಮೇಲಿನವರು ಅದಕ್ಕೆ ಸಹಿ ಹಾಕಿದರು.

ಈಗ ಮೂರು ಅಂಶಗಳನ್ನು ಕಂಪನಿಯೊಳಗೆ ಹುಡುಕುವುದು ಸುಲಭ.

ವ್ಯತ್ಯಾಸ ಎಲ್ಲಿಂದ ಬರುತ್ತದೆ? ಬಿಡುವಿನಿಂದ, ಅಡ್ಡದಾರಿಯಿಂದ, ಕೆಲವೊಮ್ಮೆ ತಪ್ಪಿನಿಂದ. 3ಎಂ ಕಂಪನಿಯಲ್ಲಿ ಸ್ಪೆನ್ಸರ್ ಸಿಲ್ವರ್ 1968ರಲ್ಲಿ ಗಟ್ಟಿ ಅಂಟು ಮಾಡಲು ಹೊರಟು, ಸರಿಯಾಗಿ ಅಂಟದ ಅಂಟು ಮಾಡಿಬಿಟ್ಟರು. ಅದಕ್ಕೆ ಏನು ಉಪಯೋಗ ಎಂಬುದು ಅವರ ಸಹೋದ್ಯೋಗಿ ಆರ್ಟ್ ಫ್ರೈಗೆ ಹೊಳೆದದ್ದು 1974ರಲ್ಲಿ. ಅಂಟಿಸಿ, ಕಿತ್ತು, ಮತ್ತೆ ಅಂಟಿಸಬಹುದಾದ ಪೋಸ್ಟ್-ಇಟ್ ಚೀಟಿ ಅಮೆರಿಕದಾದ್ಯಂತ ಮಾರಾಟಕ್ಕೆ ಬಂದದ್ದು 1980ರಲ್ಲಿ. ವರ್ಷಗಟ್ಟಲೆ ಕೆಲಸಕ್ಕೆ ಬಾರದ ವಸ್ತುವೊಂದನ್ನು ಎಸೆಯದೆ ಇಟ್ಟುಕೊಂಡಿದ್ದ ಕಂಪನಿ ಅದು. ಕೆಲಸದ ಸಮಯದ ಶೇ 15ರಷ್ಟನ್ನು ಸ್ವಂತ ಆಲೋಚನೆಗಳಿಗೆ ಬಳಸಬಹುದು ಎಂಬ ಪದ್ಧತಿ ಅಲ್ಲಿತ್ತು. ಲೆಕ್ಕಪತ್ರ ನೋಡುವವನಿಗೆ ಇದು ದಂಡ ಖರ್ಚು. ಕೆಲಸವಿಲ್ಲದೆ ಓಡಾಡುವ ಬಿ ಕೋಶಗಳೂ ಅವನ ಕಣ್ಣಿಗೆ ಹಾಗೆಯೇ ಕಾಣುತ್ತಿದ್ದವು.

ದಾಟಿಸುವಿಕೆಯ ವಿಷಯದಲ್ಲಿ ಅರ್ಥಶಾಸ್ತ್ರಜ್ಞರಾದ ರಿಚರ್ಡ್ ನೆಲ್ಸನ್ ಮತ್ತು ಸಿಡ್ನಿ ವಿಂಟರ್ 1982ರಲ್ಲಿ ಒಂದು ಒಳ್ಳೆಯ ಉತ್ತರ ಕೊಟ್ಟರು. ಕಂಪನಿಯ ಜೀನ್ ಎಂದರೆ ಅದರ ರೂಢಿಗಳು. ದರ ನಿಗದಿ ಮಾಡುವ ರೀತಿ, ಹೊಸಬರಿಗೆ ಕೆಲಸ ಕಲಿಸುವ ರೀತಿ, ದೂರು ಬಂದಾಗ ಯಾರು ಯಾರಿಗೆ ಫೋನ್ ಮಾಡುತ್ತಾರೆ ಎಂಬುದು. ಬಹಳಷ್ಟು ಎಲ್ಲೂ ಬರೆದಿರುವುದಿಲ್ಲ, ಆದರೂ ಜನ ಬದಲಾದ ಮೇಲೂ ಉಳಿಯುತ್ತವೆ. ಕಂಪನಿ ಬಿಟ್ಟು ಹೋದವರ ಜೊತೆ ಹೊರಗೂ ಹೋಗುತ್ತವೆ. 1957ರಲ್ಲಿ ಎಂಟು ಮಂದಿ ಕಟ್ಟಿದ ಫೇರ್‌ಚೈಲ್ಡ್ ಸೆಮಿಕಂಡಕ್ಟರ್‌ನಿಂದ ಹೊರಬಂದವರೇ 1968ರಲ್ಲಿ ಇಂಟೆಲ್ ಮತ್ತು 1969ರಲ್ಲಿ ಎಎಂಡಿ ಶುರು ಮಾಡಿದರು. ಕಂಪನಿಗಳಿಗೂ ಮರಿಗಳಿರುತ್ತವೆ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ನಕಲು ಎಷ್ಟು ಶುದ್ಧವಾಗಿರಬೇಕು ಎಂಬುದೂ ಮುಖ್ಯ. ಡಿಎನ್ಎ ನಕಲಾಗುವಾಗ, ತಪ್ಪು ತಿದ್ದುವ ಕೆಲಸವೂ ಮುಗಿದ ಮೇಲೆ, ಸುಮಾರು ನೂರು ಕೋಟಿ ಅಕ್ಷರಗಳಿಗೆ ಒಂದು ತಪ್ಪು ಉಳಿಯುತ್ತದೆ. ವ್ಯತ್ಯಾಸವೇ ವಿಕಾಸದ ಬಂಡವಾಳವಾದರೆ ಇಷ್ಟೊಂದು ಜಿಪುಣತನ ಯಾಕೆ? 1971ರಲ್ಲಿ ರಸಾಯನವಿಜ್ಞಾನಿ ಮ್ಯಾನ್‌ಫ್ರೆಡ್ ಐಗನ್ ಲೆಕ್ಕ ಹಾಕಿ ತೋರಿಸಿದರು: ತಪ್ಪುಗಳು ಒಂದು ಮಿತಿ ದಾಟಿದರೆ ಒಳ್ಳೆಯ ಗುಣವೂ ಮುಂದಿನ ಪೀಳಿಗೆಗೆ ಉಳಿಯುವುದಿಲ್ಲ, ಎಲ್ಲ ಕಲಸಿಹೋಗುತ್ತದೆ. ವರ್ಷಕ್ಕೊಮ್ಮೆ ಎಲ್ಲ ವಿಭಾಗಗಳನ್ನೂ ಒಡೆದು ಮತ್ತೆ ಕಟ್ಟುವ ಕಂಪನಿಗಳಿವೆಯಲ್ಲ, ಅವು ಮಾಡಿಕೊಳ್ಳುವುದು ಇದನ್ನೇ. ಬದಲಾವಣೆ ಬೇಕಾದಷ್ಟಿದೆ, ಕಲಿತದ್ದು ಉಳಿಯುತ್ತಿಲ್ಲ.

ಇನ್ನು ಆಯ್ಕೆ. ನನ್ನ ಪ್ರಕಾರ ಕಂಪನಿಗಳು ಹೆಚ್ಚಾಗಿ ಎಡವುವುದು ಇಲ್ಲಿ. ಹೊಸ ಆಲೋಚನೆಗಳ ಕೊರತೆ ಎಂದು ಎಲ್ಲರೂ ಗೋಳಾಡುತ್ತಾರೆ, ನಿಜವಾದ ಕೊರತೆ ಆರಿಸುವ ಅಳತೆಗೋಲಿನಲ್ಲಿರುತ್ತದೆ. ಕೊಡಾಕ್ ನೋಡಿ. ಡಿಜಿಟಲ್ ಕ್ಯಾಮೆರಾವನ್ನು ಮೊದಲು ಕಟ್ಟಿದ್ದು ಅಲ್ಲಿನ ಎಂಜಿನಿಯರ್ ಸ್ಟೀವನ್ ಸ್ಯಾಸನ್, 1975ರಲ್ಲಿ. ಅಂದರೆ ವ್ಯತ್ಯಾಸ ಕೈಯಲ್ಲೇ ಇತ್ತು. ಆದರೆ ಕಂಪನಿಯೊಳಗೆ ಎಲ್ಲವನ್ನೂ ಅಳೆಯುತ್ತಿದ್ದುದು ಫಿಲ್ಮ್‌ನ ಭಾರಿ ಲಾಭದ ಪಕ್ಕದಲ್ಲಿಟ್ಟು. ಆ ಅಳತೆಯಲ್ಲಿ ಡಿಜಿಟಲ್ ಯಾವತ್ತೂ ಬಡವನೇ. 2012ರಲ್ಲಿ ಕೊಡಾಕ್ ದಿವಾಳಿ ರಕ್ಷಣೆ ಕೋರಿತು.

ಅದೇ ಬಿರುಗಾಳಿಗೆ ಸಿಕ್ಕ ಫ್ಯೂಜಿಫಿಲ್ಮ್ ಉಳಿಯಿತು. ಹೇಗೆ? ಜೀವವಿಜ್ಞಾನದಲ್ಲಿ ಇದಕ್ಕೊಂದು ಹತ್ತಿರದ ನಂಟಿದೆ. ಗರಿಗಳು ಹಾರಲು ಹುಟ್ಟಿದ್ದಲ್ಲ. ಹಾರದ ಡೈನೊಸಾರ್‌ಗಳಿಗೂ ಗರಿಯಿತ್ತು, ಬಹುಶಃ ಬೆಚ್ಚಗಿರಲು. ಆಮೇಲೆ ಅದೇ ಗರಿ ಹಾರಾಟಕ್ಕೆ ಒದಗಿತು. ಫೋಟೊ ಫಿಲ್ಮ್ ಮಾಡುವವರಿಗೆ ತೆಳುವಾದ ಪದರಗಳನ್ನು ಒಂದರ ಮೇಲೊಂದು ಬಳಿಯುವುದು ಗೊತ್ತಿರುತ್ತದೆ. ಚರ್ಮದಲ್ಲೂ ಇರುವ ಕೊಲಾಜೆನ್ ಎಂಬ ಪ್ರೋಟೀನ್ ಗೊತ್ತಿರುತ್ತದೆ, ಬಣ್ಣ ಮಾಸದಂತೆ ತಡೆಯುವ ರಸಾಯನಶಾಸ್ತ್ರವೂ ಗೊತ್ತಿರುತ್ತದೆ. ಫ್ಯೂಜಿ ಮೊದಲನೆಯದನ್ನು ಎಲ್‌ಸಿಡಿ ಪರದೆಗಳಿಗೆ ಬೇಕಾದ ಫಿಲ್ಮ್ ಮಾಡಲು ಬಳಸಿತು. ಉಳಿದೆರಡು ಚರ್ಮದ ಕ್ರೀಮ್‌ಗಳಿಗೆ ದಾರಿಯಾದವು.

ಬೇಡದ್ದನ್ನು ಸ್ವಲ್ಪ ಕಾಪಿಟ್ಟುಕೊಳ್ಳುವ ಈ ಗುಣ ಮರುಭೂಮಿಯ ಒಂದೇ ಋತುವಿನ ಗಿಡಗಳಲ್ಲೂ ಇದೆ. ಮಳೆ ಬಿದ್ದಾಗ ಅವುಗಳ ಬೀಜಗಳೆಲ್ಲ ಒಟ್ಟಿಗೆ ಮೊಳೆಯುವುದಿಲ್ಲ, ಒಂದು ಪಾಲು ಮಣ್ಣಿನಲ್ಲೇ ಮಲಗಿರುತ್ತದೆ. ಒಳ್ಳೆಯ ವರ್ಷದಲ್ಲಿ ಇದು ನಷ್ಟ. ಮೊಳೆತವೆಲ್ಲ ಒಣಗಿಹೋದ ವರ್ಷ ಗಿಡದ ವಂಶ ಉಳಿಯುವುದು ಮಲಗಿದ್ದ ಬೀಜಗಳಿಂದಲೇ. ಡ್ಯಾನ್ ಕೋಹೆನ್ 1966ರಲ್ಲಿ ಇದನ್ನು ಗಣಿತದಲ್ಲಿ ತೋರಿಸಿದರು. ಪ್ರತಿ ತಿಂಗಳೂ ಕೊನೆಯ ರೂಪಾಯಿವರೆಗೆ ಹಿಂಡುವ ಕಂಪನಿಯ ಮಣ್ಣಿನಲ್ಲಿ ಮಲಗಿದ ಬೀಜ ಇರುವುದಿಲ್ಲ.

ಇಲ್ಲಿ ಒಂದು ಅಪಾಯಕಾರಿ ತಪ್ಪು ತಿಳುವಳಿಕೆಯ ಬಗ್ಗೆ ಹೇಳಲೇಬೇಕು. ಆಯ್ಕೆ ಎಂದೊಡನೆ ಕೆಲವು ಮ್ಯಾನೇಜರ್‌ಗಳಿಗೆ ನೆನಪಾಗುವುದು ನೌಕರರನ್ನು ಸಾಲಾಗಿ ನಿಲ್ಲಿಸಿ, ಕೊನೆಯವರನ್ನು ಪ್ರತಿ ವರ್ಷ ಮನೆಗೆ ಕಳಿಸುವುದು. 1990ರ ದಶಕದಲ್ಲಿ ವಿಲಿಯಂ ಮ್ಯೂರ್ ಎಂಬ ವಿಜ್ಞಾನಿ ಮೊಟ್ಟೆ ಕೋಳಿಗಳ ಮೇಲೆ ನಡೆಸಿದ ಪ್ರಯೋಗವನ್ನು ಇವರು ಓದಬೇಕು. ಒಂದೇ ಪಂಜರದಲ್ಲಿ ಕೋಳಿಗಳನ್ನು ಒಟ್ಟಿಗೆ ಇಟ್ಟಾಗ ಅವು ಕುಕ್ಕಿಕೊಂಡು ಸಾಯುತ್ತಿದ್ದವು. ಮ್ಯೂರ್ ಒಂಟಿ ಕೋಳಿಯನ್ನು ಆರಿಸುವ ಬದಲು, ಒಟ್ಟಾರೆ ಚೆನ್ನಾಗಿ ಬಾಳಿ ಮೊಟ್ಟೆ ಇಟ್ಟ ಇಡೀ ಪಂಜರಗಳನ್ನು ಆರಿಸಿ ಮುಂದಿನ ತಳಿ ಮಾಡಿದರು. ವರ್ಷದ ಸಾವಿನ ಪ್ರಮಾಣ ಶೇ 68ರಿಂದ ಸುಮಾರು ಶೇ 9ಕ್ಕೆ ಇಳಿಯಿತು. ಮೊಟ್ಟೆಯೂ ಹೆಚ್ಚಿತು. ಜಾಸ್ತಿ ಮೊಟ್ಟೆ ಇಡುವ ಒಂಟಿ ಕೋಳಿ ಪಕ್ಕದವಳನ್ನು ಕುಕ್ಕಿಯೇ ಆ ಸ್ಥಾನಕ್ಕೆ ಬಂದಿರಬಹುದು. ಯಾವ ಮಟ್ಟದಲ್ಲಿ ಆರಿಸುತ್ತೀರಿ ಎಂಬುದರ ಮೇಲೆ ನಿಮಗೆ ಸಿಗುವ ಗುಣ ನಿಂತಿದೆ. ಮೈಕ್ರೊಸಾಫ್ಟ್ ನೌಕರರನ್ನು ಸಾಲಿಗೆ ನಿಲ್ಲಿಸುವ ಶ್ರೇಣಿ ಪದ್ಧತಿಯನ್ನು 2013ರಲ್ಲಿ ಕೈಬಿಟ್ಟಿತು.

ಹೋಲಿಕೆ ಎಲ್ಲ ಕಡೆ ನಿಲ್ಲುವುದಿಲ್ಲ, ನಿಜ. ಬೀಜ ಮುಂದಿನ ವರ್ಷದ ಮಳೆಯನ್ನು ಊಹಿಸಲಾರದು, ಮನುಷ್ಯ ಊಹಿಸುತ್ತಾನೆ, ಕೆಲವೊಮ್ಮೆ ಸರಿಯಾಗಿಯೂ. ಹಕ್ಕಿ ತಾನು ಕಲಿತದ್ದನ್ನು ಜೀನ್‌ನಲ್ಲಿ ಬರೆದು ಮರಿಗೆ ಕೊಡಲಾರದು, ಕಂಪನಿ ಕೊಡಬಲ್ಲದು. ಇನ್ನೊಬ್ಬರ ಒಳ್ಳೆಯ ಪದ್ಧತಿಯನ್ನು ನೇರವಾಗಿ ಎತ್ತಿಕೊಳ್ಳಲೂಬಹುದು. ಜೀವಲೋಕದಲ್ಲಿ ಈ ಸೌಲಭ್ಯ ಹೆಚ್ಚಾಗಿ ಇರುವುದು ಬ್ಯಾಕ್ಟೀರಿಯಾಗಳಿಗೆ. 1950ರ ದಶಕದ ಕೊನೆಯಲ್ಲಿ ಜಪಾನಿನ ವಿಜ್ಞಾನಿಗಳು, ಔಷಧಿಗೆ ಬಗ್ಗದ ಗುಣ ಒಂದು ಬ್ಯಾಕ್ಟೀರಿಯಾದಿಂದ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೆ ನೇರವಾಗಿ ದಾಟುವುದನ್ನು ಕಂಡರು. ಕಂಪನಿಗಳು ಪ್ರಾಣಿಗಳಿಗಿಂತ ಬ್ಯಾಕ್ಟೀರಿಯಾಗಳಿಗೆ ಹತ್ತಿರ ಎಂದರೆ ಯಾರಿಗೂ ಖುಷಿಯಾಗಲಿಕ್ಕಿಲ್ಲ, ಆದರೆ ಈ ವಿಷಯದಲ್ಲಿ ಹೌದು.

ಒಂದು ಸಂಗತಿ ಮಾತ್ರ ಎರಡೂ ಕಡೆ ಒಂದೇ: ಆಯ್ಕೆಗೆ ದೂರದೃಷ್ಟಿ ಇಲ್ಲ. ಡಾಫ್ನೆ ಮೇಜರ್‌ನಲ್ಲಿ 1977ರ ಬರಗಾಲ ದಪ್ಪ ಕೊಕ್ಕನ್ನು ಆರಿಸಿತು. 1983ರಲ್ಲಿ ಎಲ್ ನಿನೋ ಭಾರಿ ಮಳೆ ಸುರಿಸಿತು, ಸಣ್ಣ ಬೀಜಗಳು ರಾಶಿ ಬಿದ್ದವು. ಮುಂದಿನ ವರ್ಷಗಳಲ್ಲಿ ಸಣ್ಣ ಕೊಕ್ಕಿನವುಗಳಿಗೆ ಮೇಲುಗೈಯಾಯಿತು. ಇಂಟೆಲ್‌ಗೂ ಅಂಥದ್ದೇ ಎರಡನೆಯ ಋತು ಬಂತು. ಆ್ಯಪಲ್ ತನ್ನ ಮೊದಲ ಐಫೋನ್‌ಗೆ ಚಿಪ್ ಕೇಳಿಕೊಂಡು ಬಂದಿತ್ತು. ಅವರು ಕೊಡುವ ದರ ನಾವು ಅಂದಾಜಿಸಿದ ತಯಾರಿಕಾ ವೆಚ್ಚಕ್ಕಿಂತ ಕಡಿಮೆಯಿದ್ದುದರಿಂದ ಒಪ್ಪಲಿಲ್ಲ ಎಂದು ಆಗಿನ ಮುಖ್ಯಸ್ಥ ಪಾಲ್ ಒಟೆಲಿನಿ 2013ರಲ್ಲಿ ಹೇಳಿದರು. ವೆಚ್ಚದ ಅಂದಾಜು ತಪ್ಪಾಗಿತ್ತು, ಮಾರಾಟವಂತೂ ಎಲ್ಲರ ಊಹೆಯ ನೂರು ಪಟ್ಟಾಯಿತು. 2006ರಲ್ಲಿ ಇಂಟೆಲ್ ತನ್ನ ಮೊಬೈಲ್ ಚಿಪ್ ವಿಭಾಗವನ್ನು 60 ಕೋಟಿ ಡಾಲರ್‌ಗೆ ಮಾರ್ವೆಲ್ ಕಂಪನಿಗೆ ಮಾರಿಬಿಟ್ಟಿತ್ತು. ಮಾರ್ಜಿನ್ ನೋಡಿ ಆರಿಸುವ ಅದೇ ಬುದ್ಧಿ 1985ರಲ್ಲಿ ಕಂಪನಿಯನ್ನು ಉಳಿಸಿತ್ತು, ಈ ಸಲ ಫೋನ್ ಮಾರುಕಟ್ಟೆಯಿಂದ ಹೊರಗಿಟ್ಟಿತು.